ಕೊನೆಗೆ ಕೈ ಹಿಡಿದದ್ದು ಮನೆ ಹೆಸರು

ಒಬ್ಬ ರೋಗಿಯ ದಾಖಲೆಗಳೆಲ್ಲ ಒಂದೆಡೆ ಸೇರುವ ಹಾಗೆ ನಾನು ಜೋಡಿಸಬೇಕಿದ್ದದ್ದು ಮೂರು ಪಟ್ಟಿ. ಆಸ್ಪತ್ರೆಯ ಕ್ಯಾನ್ಸರ್ ರಿಜಿಸ್ಟ್ರಿ (ಕ್ಯಾನ್ಸರ್ ರೋಗಿಗಳ ದಾಖಲೆ), ಬಿಲ್ಲಿಂಗ್, ಮತ್ತೆ ನಾವೇ ಫೋನ್ ಮಾಡಿ ರೋಗಿಗಳ ಅನುಭವ ಬರೆದುಕೊಂಡದ್ದು. "ಇಂಗ್ಲೆಂಡ್‌ನಲ್ಲಾದರೆ ಎಲ್ಲರಿಗೂ ಸರ್ಕಾರಿ ಆರೋಗ್ಯ ಸೇವೆಯ ಎನ್‌ಎಚ್‌ಎಸ್ ನಂಬರ್ ಇದೆ, ಇಲ್ಲಿ ಆಗಲ್ಲ ಮಾರಾಯ್ರೇ" ಅಂತ ಗೆಳೆಯರೊಬ್ಬರು ನಕ್ಕಿದ್ದರು. ನಮ್ಮಲ್ಲೂ ಆಭಾ ಅನ್ನುವ ಆರೋಗ್ಯ ಖಾತೆಯ 14 ಅಂಕಿಯ ಸಂಖ್ಯೆ ಇದೆ ನಿಜ. ನಮ್ಮ ಫೈಲುಗಳಲ್ಲಿ ಆ ಜಾಗ ಹೆಚ್ಚುಕಡಿಮೆ ಖಾಲಿ.

ಮೊದಲು ಹೆಸರು, ವಯಸ್ಸು, ಊರು ಹಾಕಿ, ಉಚ್ಚಾರಣೆ ಹತ್ತಿರವಿರುವ ಇಂಗ್ಲಿಷ್ ಹೆಸರುಗಳನ್ನು ಒಂದೇ ಗುಂಪಿಗೆ ಹಾಕುವ ಸೌಂಡೆಕ್ಸ್ ಓಡಿಸಿದೆ. ಸುಮಾರು 1,400 ಜನರಲ್ಲಿ 400 ಮಂದಿಯೂ ಕೂಡಿಬರಲಿಲ್ಲ. ಕೂಡಿದ್ದರಲ್ಲೂ ಇಬ್ಬರು ಶೆಟ್ಟರು ಒಬ್ಬರಾಗಿದ್ದರು! ಒಬ್ಬರೇ ಹೆಂಗಸು ಒಂದು ಕಡೆ 'ಶೆಡ್ತಿ', ಇನ್ನೊಂದು ಕಡೆ 'ಶೆಟ್ಟಿ', ಮೂರನೆಯದರಲ್ಲಿ ಬರೀ ಗಂಡನ ಹೆಸರು. ವಯಸ್ಸು ಎಲ್ಲರದ್ದೂ 60 ಅಥವಾ 65. ಉಡುಪಿ ದಕ್ಷಿಣ ಕನ್ನಡದಿಂದ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆದರೂ ಕೆಲವು ವಿಳಾಸ ಇವತ್ತಿಗೂ 'ದ.ಕ.' ಅಂತಲೇ ಬರುತ್ತದೆ. ಕನ್ನಡದ ಹೆಸರುಗಳನ್ನು ಇಂಗ್ಲಿಷಿಗೆ ಹಾಕಿಸಲು ಕೊಟ್ಟ 40 ಸಾವಿರ ನೀರುಪಾಲು. ಟೈಪ್ ಮಾಡಿದವರು ತಮಗೆ ತೋಚಿದ ಹಾಗೆ ಬರೆದಿದ್ದರು. ಆಮೇಲೆ ಬಳಸಿದ ಸ್ಪ್ಲಿಂಕ್, ದಾಖಲೆ ಜೋಡಿಸುವ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ, ನೋಡಿ!

ದಾರಿ ತೋರಿಸಿದ್ದು ಮನೆ ಹೆಸರು. ಸರ್‌ನೇಮ್ ಬದಲಾದೀತು, 'ಮೇಲಿನಮನೆ' ಬದಲಾಗಲ್ಲ. ಅದನ್ನು ಬೇರೆ ಕಾಲಂ ಮಾಡಿ, ಅಪರೂಪದ ಮನೆ ಹೆಸರಿಗೆ ಜಾಸ್ತಿ ತೂಕ ಕೊಟ್ಟೆ. ಎಷ್ಟು ಜಾಸ್ತಿ ಅನ್ನೋದನ್ನು ಸದ್ಯಕ್ಕೆ ಹೇಳಲ್ಲ, ಎರಡು ವರ್ಷ ತಲೆ ಕೆಡಿಸಿಕೊಂಡಿದ್ದೇನೆ. ಈಗ ಸಾವಿರದ ಮೇಲೆ ಕೂಡುತ್ತವೆ. ನಕ್ಕ ಗೆಳೆಯರು ಮೊನ್ನೆ ಕೋಡ್ ಕೇಳಿದರು.

ಒಂದು ತಪ್ಪು ಮಾತ್ರ ಮರೆಯಲಾಗಲ್ಲ. ಒಂದು ಮನೆಗೆ ಫೋನ್ ಮಾಡಿ "ಅಮ್ಮ ಹೇಗಿದ್ದಾರೆ?" ಅಂದೆ. ಆ ಕಡೆ ಸುಮಾರು ಹೊತ್ತು ಮಾತಿಲ್ಲ. "ನಿನ್ನೆ ಬೊಜ್ಜ ಮುಗೀತು" ಅಂದ ಮಗ. ಬೊಜ್ಜ ಅಂದರೆ ಸತ್ತವರ ಉತ್ತರಕ್ರಿಯೆ. ಬಿಲ್ಲಿಂಗ್‌ನಲ್ಲಿ ಅವರ ಫೈಲು ಆಗಲೇ ಮುಚ್ಚಿತ್ತು, ನಾನು ನೋಡಿರಲಿಲ್ಲ. ಅಂದಿನಿಂದ ಸಾವಿನ ದಾಖಲೆ ನೋಡದೆ ಯಾರೂ ಡಯಲ್ ಮಾಡುವ ಹಾಗಿಲ್ಲ.

ಪಟ್ಟಿ ಕೂಡಿದ ಮೇಲೆ ಒಂದು ವಿಚಿತ್ರ ಕಂಡಿತು. ಬಯಾಪ್ಸಿಯಿಂದ ಚಿಕಿತ್ಸೆಗೆ ಎರಡು ತಿಂಗಳು ಕಾದವರೇ ಫೋನಿನಲ್ಲಿ ಆಸ್ಪತ್ರೆಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿದ್ದರು. ಋಣ ಅಲ್ವಾ, ಡಾಕ್ಟರ ಬಗ್ಗೆ ಯಾರು ಕೆಟ್ಟದ್ದು ಹೇಳ್ತಾರೆ? ಸುಮ್ನೆ ಒಂದು ಪ್ರಯೋಗ ಅಂತ, ಕನ್ನಡದಲ್ಲಿ ಉತ್ತರಿಸಿದ್ದ ಮೂವತ್ತು ಮಂದಿಗೆ "ಎಂಚ ಉಲ್ಲರ್?" (ಹೇಗಿದ್ದೀರಿ?) ಅಂತ ತುಳುವಿನಲ್ಲೇ ಶುರುಮಾಡಿ ಮತ್ತೆ ಕೇಳಿಸಿದೆ. ಅಂಕ ಇಳಿಯಿತು. 'ಎಲ್ಲ ಚೆನ್ನಾಗಿತ್ತು' ಅಂದಿದ್ದ ಕಾರ್ಕಳದ ಒಬ್ಬರು ಈ ಸಲ ಆರು ವಾರದ ರೇಡಿಯೇಷನ್ ಕಥೆ ಬಿಚ್ಚಿದರು. ಬೆಳಗಿನ ಬಸ್ಸು, ನೀರೂ ಇಳಿಯದ ಗಂಟಲು, ಕಂಡಕ್ಟರ್‌ಗೆ ಊರಿನ ಹೆಸರು ಹೇಳಲಾಗದೆ ಚೀಟಿ ತೋರಿಸುತ್ತಿದ್ದದ್ದು. ನಮ್ಮ ಫಾರಂನಲ್ಲಿ ಬಸ್ಸಿನ ಪ್ರಶ್ನೆಯೇ ಇರಲಿಲ್ಲ.

ಕುಂದಾಪುರದ ಕಡೆಯವರಿಗೆ ಕುಂದಗನ್ನಡ ಬಲ್ಲವರೊಬ್ಬರನ್ನು ಹುಡುಕುತ್ತಿದ್ದೇನೆ. ಕಾಸರಗೋಡಿನವರ ಬಿಲ್ಲು ಕೇರಳದ ಯೋಜನೆಯದ್ದು, ಆ ಪಟ್ಟಿ ಇನ್ನೂ ಕೈಗೆ ಬಂದಿಲ್ಲ.