ನನ್ನ ಹಳೇ ಮೆಸೇಜು ನನಗೇ ತಿರುಗಿ ಬಂದಾಗ

2022ರ ಮಾರ್ಚ್ 15. ತರಗತಿಯಲ್ಲಿ ಹಿಜಾಬ್ ಹಾಕುವ ವಿಷಯದಲ್ಲಿ ಕರ್ನಾಟಕ ಹೈಕೋರ್ಟಿನ ತೀರ್ಪು ಬೆಳಿಗ್ಗೆ ಬಂತು. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆ ಅಲ್ಲ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಮಧ್ಯಾಹ್ನ ಊಟದ ಹೊತ್ತಿಗೆ ನಾನು ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಬಿಸಿಬಿಸಿಯಾಗಿ ಬರೆದೆ: "ಒಂದು ಧರ್ಮಕ್ಕೆ ಯಾವುದು ಅಗತ್ಯ, ಯಾವುದು ಅಲ್ಲ ಅಂತ ಹೇಳೋಕೆ ಕೋರ್ಟ್ ಯಾರು?"

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ತುಮಕೂರಿನ ದೊಡ್ಡಮಾವ ಒಂದು ಸ್ಕ್ರೀನ್‌ಶಾಟ್ ಹಾಕಿದರು. 2018ರ ಸೆಪ್ಟೆಂಬರ್ 28ರದ್ದು, ಶಬರಿಮಲೆಗೆ 10ರಿಂದ 50 ವರ್ಷದ ಹೆಂಗಸರೂ ಹೋಗಬಹುದು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ದಿನದ್ದು. ಬರೆದವಳು ನಾನೇ: "ಹೆಂಗಸರನ್ನು ಹೊರಗಿಡುವುದು ಧರ್ಮದ ಅತ್ಯಗತ್ಯ ಭಾಗ ಅಲ್ಲ ಅಂತ ಕೋರ್ಟ್ ಹೇಳಿದೆ. ಹೇಳಬೇಕಾದವರೇ ಹೇಳಿದ್ದಾರೆ. ಇನ್ನೇನು ಬೇಕು?"

ಮಾವ ಅದರ ಜೊತೆ ಒಂದು ಅಕ್ಷರವನ್ನೂ ಸೇರಿಸಿರಲಿಲ್ಲ. ಒಂದು ನಗುವ ಮುಖ ಹಾಕಿದ್ದರೂ ಎದ್ದು ಜಗಳ ಆಡಬಹುದಿತ್ತು.

ನಾನು ಹದಿನಾರು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಒಂದೇ ಲೆಕ್ಕಕ್ಕೆ ಸೋಮವಾರ ಒಂದು ಉತ್ತರ, ಮಂಗಳವಾರ ಇನ್ನೊಂದು ಉತ್ತರ ಬಂದರೆ ಅದನ್ನು ಹಿಡಿದು ಹಾಕುವುದೇ ನನ್ನ ಸಂಬಳದ ಕೆಲಸ. ಮನೆಯವರೆಲ್ಲರ ಮುಂದೆ ಆ ತಪ್ಪು ನನ್ನಲ್ಲೇ ಸಿಕ್ಕಿತು. ಅವತ್ತಿನಿಂದ ಈಚೆಗೆ ನಾನು ವಾದ ಮಾಡುವ ರೀತಿ ಹೇಗೆ ಬದಲಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ. ಅದಕ್ಕೆ ಮೊದಲು 2018ರ ಕತೆ ಹೇಳಬೇಕು.

ನಮ್ಮದು ಅಯ್ಯಪ್ಪನ ಮಾಲೆ ಹಾಕುವ ಮನೆ. ದೊಡ್ಡಮಾವ ಗುರುಸ್ವಾಮಿ, ಹದಿನೆಂಟಕ್ಕಿಂತ ಜಾಸ್ತಿ ಸಲ ಮಲೆಗೆ ಹೋಗಿ ಬಂದವರು. ನವೆಂಬರ್ ಮಧ್ಯದಲ್ಲಿ ಮಾಲೆ ಬಿತ್ತೆಂದರೆ 41 ದಿನ ಮನೆಯ ಗಡಿಯಾರವೇ ಬೇರೆ. ಕಪ್ಪು ಪಂಚೆ, ಬರಿಗಾಲು, ಎರಡು ಹೊತ್ತು ತಣ್ಣೀರು ಸ್ನಾನ, ನೆಲದ ಮೇಲೆ ನಿದ್ದೆ. ಚಿಕ್ಕ ಹುಡುಗನಿಗೂ "ಸ್ವಾಮಿ" ಅನ್ನಬೇಕು. ಇರುಮುಡಿ ಕಟ್ಟುವ ದಿನ ಬೀದಿಯವರೆಲ್ಲ ಬಂದು ಅಕ್ಕಿ ಹಾಕುತ್ತಿದ್ದರು. ತೆಂಗಿನಕಾಯಿಗೆ ತುಪ್ಪ ತುಂಬುವಾಗ ಬರುವ ಆ ವಾಸನೆ ನನಗೆ ಇವತ್ತಿಗೂ ಇಷ್ಟ. ಹತ್ತು ತುಂಬುವ ಮುಂಚೆ ನಾನೂ ಒಮ್ಮೆ ಮಾವನ ಹೆಗಲ ಮೇಲೆ ಕೂತು ಹೋಗಿ ಬಂದಿದ್ದೇನೆ. ಹದಿನೆಂಟು ಮೆಟ್ಟಿಲು ನೆನಪಿಲ್ಲ, ಪಂಪಾ ನದಿಯ ತಣ್ಣೀರು ಮಾತ್ರ ನೆನಪಿದೆ. ದೊಡ್ಡವಳಾದ ಮೇಲೆ ನೆನಪಿರುವುದೇ ಬೇರೆ. ಆ 41 ದಿನಗಳಲ್ಲಿ ಮುಟ್ಟಾದರೆ ಪಕ್ಕದ ಬೀದಿಯ ಅಜ್ಜಿ ಮನೆಗೆ ಹೋಗಿ ಮಲಗಬೇಕಿತ್ತು. ಪರೀಕ್ಷೆ ಇದ್ದರೂ ಅಷ್ಟೇ. ಪುಸ್ತಕ ಚೀಲದಲ್ಲಿ ತುಂಬಿಕೊಂಡು ಹೋಗುವಾಗ ಬೀದಿಗೆಲ್ಲ ವಿಷಯ ಗೊತ್ತಾಗುತ್ತಿತ್ತು.

ಹಾಗಾಗಿ ತೀರ್ಪು ಬಂದ ದಿನ ನಾನು ವಾದಕ್ಕೆ ಇಳಿಯಲಿಲ್ಲ, ಹಳೇ ಲೆಕ್ಕ ಚುಕ್ತಾ ಮಾಡಲು ಇಳಿದೆ. ಅದು ನನ್ನ ಮೊದಲ ತಪ್ಪು. ಆಗ ಗೊತ್ತಾಗಲಿಲ್ಲ.

ಅಕ್ಟೋಬರ್ ಪೂರ್ತಿ ರಾತ್ರಿ ಒಂದರವರೆಗೆ ಟೈಪ್ ಮಾಡಿದೆ. ಇಂಗ್ಲಿಷ್ ಲೇಖನಗಳ ಕೊಂಡಿ ಹಾಕುತ್ತಿದ್ದೆ, ನಾನೇ ಪೂರ್ತಿ ಓದಿರುತ್ತಿರಲಿಲ್ಲ. ಆ ಕಡೆಯಿಂದ ಫೋಟೋ ಬರುತ್ತಿತ್ತು. ಇರುಮುಡಿ ಹೊತ್ತ ಭಕ್ತನ ಎದೆಗೆ ಪೊಲೀಸಿನ ಬೂಟುಗಾಲು ಒದೆಯುವ ಆ ಫೋಟೋ ನೀವೂ ನೋಡಿರಬಹುದು. ಅದು ಫೋಟೋ ಶೂಟ್ ಮಾಡಿ ತೆಗೆದದ್ದು ಎಂದು ಆಮೇಲೆ ಬಯಲಾಯಿತು. ನಾನು ಆ ಸುದ್ದಿಯನ್ನು ಸಂಭ್ರಮದಿಂದ ಗ್ರೂಪಿಗೆ ಹಾಕಿದೆ. ಯಾರೂ ಉತ್ತರ ಕೊಡಲಿಲ್ಲ. ಮಾವನ ಮಗನ ಹೆಂಡತಿ ಗ್ರೂಪ್ ಬಿಟ್ಟು ಹೋದಳು. ಅವಳು ಹೋದದ್ದು ನನಗೆ ಮೂರು ವಾರ ಗೊತ್ತೇ ಆಗಲಿಲ್ಲ.

ಜಯಮಾಲಾ ಅವರ ಹೆಸರೂ ಎದ್ದಿತು. ಕನ್ನಡದ ಮನೆಗಳಲ್ಲಿ ಶಬರಿಮಲೆ ಅಂದರೆ ಆ ಹೆಸರು ಬರದೇ ಇರುವುದಿಲ್ಲ. 1987ರಲ್ಲಿ ನೂಕುನುಗ್ಗಲಿನಲ್ಲಿ ಗರ್ಭಗುಡಿಯೊಳಗೆ ಬಿದ್ದು ವಿಗ್ರಹ ಮುಟ್ಟಿದ್ದಾಗಿ ಅವರು 2006ರಲ್ಲಿ ಹೇಳಿದ್ದರು. ಅದರ ಮೇಲೆ ಕೇಸೂ ಆಗಿತ್ತು. 2018ರಲ್ಲಿ ಅವರು ನಮ್ಮ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ. "ಅವರಿಗೆ ಶಿಕ್ಷೆ ಆಯ್ತಲ್ಲ" ಎಂದರು ಒಬ್ಬರು. "ಇಲ್ಲ, ಎಲ್ಲ ಸುಳ್ಳು ಪ್ರಚಾರ" ಎಂದೆ ನಾನು. ಇಬ್ಬರೂ ಸುಮ್ನೆ ಬಾಯಿಗೆ ಬಂದದ್ದು ಹೇಳಿದ್ದೆವು. ಕೇಸನ್ನು ಕೇರಳ ಹೈಕೋರ್ಟ್ 2012ರಲ್ಲೇ ರದ್ದು ಮಾಡಿತ್ತು. ಹುಡುಕಲು ಐದು ನಿಮಿಷ ಸಾಕಿತ್ತು.

ಅವತ್ತು ನಾಚಿಕೆ ಆಯಿತು. ತೀರ್ಪನ್ನೇ ಓದೋಣ ಎಂದುಕೊಂಡೆ. 411 ಪುಟ. ಆಫೀಸ್ ಕ್ಯಾಬ್‌ನಲ್ಲಿ ಹೋಗುವಾಗ ಬರುವಾಗ ಓದಿದೆ. ಹತ್ತಿರ ಹತ್ತಿರ ಒಂದು ತಿಂಗಳು ಹಿಡಿಯಿತು. ಕಾನೂನು ಓದಿದವಳಲ್ಲ, ಅರ್ಧ ಪದ ಗೊತ್ತಿಲ್ಲ. ಆದರೂ ಓದಬಹುದು, ನಿಜವಾಗಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಎಡಗಡೆ ನನಗೆ ಅನುಕೂಲ ಆಗುವ ಸಂಗತಿ, ಬಲಗಡೆ ಮಾವನಿಗೆ ಅನುಕೂಲ ಆಗುವ ಸಂಗತಿ ಬರೆದೆ. ಬಲಗಡೆ ಖಾಲಿ ಇರುತ್ತದೆ ಎಂದುಕೊಂಡಿದ್ದೆ.

ಎಡಗಡೆ ಮೊದಲು ಬಂದದ್ದು 1991ರ ಕೇರಳ ಹೈಕೋರ್ಟ್ ತೀರ್ಪಿನ ವಿಚಾರ. 10ರಿಂದ 50 ವರ್ಷದ ಹೆಂಗಸರು ಹೋಗಬಾರದು ಎಂದು ಕಟ್ಟುನಿಟ್ಟು ಮಾಡಿದ್ದೇ ಆ ತೀರ್ಪು. ಅದೇ ಕೇಸಿನಲ್ಲಿ, ಅದಕ್ಕೆ ಮೊದಲು ಸುಮಾರು ಇಪ್ಪತ್ತು ವರ್ಷ ತಿಂಗಳ ಪೂಜೆಯ ದಿನಗಳಲ್ಲಿ ಹೆಂಗಸರು ಹೋಗುತ್ತಿದ್ದರು, ಮಗುವಿಗೆ ಮೊದಲ ಅನ್ನ ತಿನ್ನಿಸುವ ಶಾಸ್ತ್ರವೂ ಅಲ್ಲಿ ನಡೆಯುತ್ತಿತ್ತು ಎಂಬ ಮಾತೂ ಇದೆ. ಸಾವಿರಾರು ವರ್ಷದಿಂದ ಒಬ್ಬ ಹೆಂಗಸೂ ಹತ್ತಿಲ್ಲ ಎನ್ನುತ್ತಿದ್ದ ಮಾವನಿಗೆ ಇದು ಸಾಕು ಎಂದು ಖುಷಿಪಟ್ಟೆ.

ನಲವತ್ತು ಪುಟ ಕಳೆದರೆ ಬಲಗಡೆಯೂ ತುಂಬತೊಡಗಿತು. ಸುಮಾರು 200 ವರ್ಷದ ಹಿಂದೆ ತಿರುವಾಂಕೂರಿನ ಸರ್ವೆ ಮಾಡಿದ ವಾರ್ಡ್ ಮತ್ತು ಕಾನರ್ ಎಂಬ ಇಬ್ಬರು ಬ್ರಿಟಿಷ್ ಅಧಿಕಾರಿಗಳು, ಮುದುಕಿಯರು, ಚಿಕ್ಕ ಹುಡುಗಿಯರು ಇಲ್ಲಿಗೆ ಬರಬಹುದು, ನಡುವಿನ ವಯಸ್ಸಿನವರು ಬರುವಂತಿಲ್ಲ ಎಂದು ಬರೆದಿಟ್ಟಿದ್ದಾರೆ. ಇದು ಮೊನ್ನೆ ಮೊನ್ನೆ ಹುಟ್ಟಿದ ನಿಯಮ ಎಂದು ನಾನು ಗ್ರೂಪಿನಲ್ಲಿ ಮೂರು ಸಲ ಹೇಳಿದ್ದೆ. ಇನ್ನೊಂದು: ಐವರ ಪೀಠದಲ್ಲಿ ತೀರ್ಪು 4-1. ಒಪ್ಪದೇ ಇದ್ದ ಆ ಒಬ್ಬರು ಪೀಠದಲ್ಲಿದ್ದ ಒಬ್ಬರೇ ಮಹಿಳೆ, ನ್ಯಾಯಮೂರ್ತಿ ಇಂದು ಮಲ್ಹೋತ್ರಾ. ಧರ್ಮದ ವಿಷಯದಲ್ಲಿ ಕೋರ್ಟು ತನ್ನ ತರ್ಕ ಹಚ್ಚಬಾರದು, ಭಕ್ತರಲ್ಲದವರು ತಂದ ಅರ್ಜಿ ಇದು ಎಂಬುದು ಅವರ ನಿಲುವು. ನ್ಯಾಯಮೂರ್ತಿ ಚಂದ್ರಚೂಡ್ ಮುಟ್ಟಿನ ಕಾರಣಕ್ಕೆ ಹೊರಗಿಡುವುದನ್ನು ಅಸ್ಪೃಶ್ಯತೆ ನಿಷೇಧಿಸುವ 17ನೇ ವಿಧಿಯ ಜೊತೆ ಸೇರಿಸಿ ನೋಡಿದ್ದಾರೆ. ಆ ಭಾಗ ಓದುವಾಗ ನನಗೆ ಅಜ್ಜಿ ಮನೆಯ ಚಾಪೆ ನೆನಪಾಯಿತು. ಮಲ್ಹೋತ್ರಾ ಅವರದ್ದು ಓದುವಾಗ ಮಾವ ನೆನಪಾದರು. ಎರಡನ್ನೂ ಓದಿದ ಮೇಲೂ ನಾನು ಹೆಂಗಸರ ಪ್ರವೇಶದ ಪರವೇ ಇದ್ದೆ, ಈಗಲೂ ಇದ್ದೇನೆ. ಆದರೆ ಎದುರಿನವರೆಲ್ಲ ಪೆದ್ದರು ಎಂದು ಬರೆಯುವ ಧೈರ್ಯ ಹೋಯಿತು.

ಕನ್ನಡದಲ್ಲಿ ಮೂರು ಮೂರು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಹಾಕಿದೆ. ಒಂದರಲ್ಲಿ ಒಂದೇ ವಿಷಯ, ಎಷ್ಟನೇ ಪುಟ ಎಂದೂ ಹೇಳುತ್ತಿದ್ದೆ. ವಾರ್ಡ್ ಮತ್ತು ಕಾನರ್ ವಿಚಾರವನ್ನೂ ನಾನೇ ಹೇಳಿದೆ. ಇದು ನಾನು ಮಾಡಿದ ಅತಿ ಲಾಭದ ಕೆಲಸ. ಮಾವನಿಗೆ ಅನುಕೂಲವಾದದ್ದನ್ನು ನಾನೇ ತಂದುಕೊಟ್ಟ ಮೇಲೆ ಅವರು ನನ್ನ ಉಳಿದ ಮೆಸೇಜುಗಳನ್ನೂ ಪೂರ್ತಿ ಕೇಳತೊಡಗಿದರು.

ಅಡಿಗೆಮನೆಯವರೂ ಕೇಳಿದರು. ಗ್ರೂಪಿನಲ್ಲಿ ಎಂದೂ ಬಾಯಿ ಬಿಡದ ಚಿಕ್ಕಮ್ಮ ಒಂದು ದಿನ ಮಾತಾಡಿದಳು. ಮುಟ್ಟಾದವರನ್ನು ಪತ್ತೆ ಹಚ್ಚುವ ಯಂತ್ರ ಬರಲಿ, ಆಮೇಲೆ ಹೆಂಗಸರನ್ನು ಬಿಡುವ ವಿಚಾರ ಮಾಡೋಣ ಎಂದು ಶಬರಿಮಲೆ ದೇವಸ್ಥಾನ ನೋಡಿಕೊಳ್ಳುವ ತಿರುವಾಂಕೂರು ದೇವಸ್ವಂ ಮಂಡಳಿಯ ಆಗಿನ ಅಧ್ಯಕ್ಷರು 2015ರಲ್ಲಿ ಹೇಳಿದ್ದರು. ಅದಕ್ಕೆ ದೇಶದ ತುಂಬ ಹುಡುಗಿಯರು ಸಿಟ್ಟಾಗಿ ಬರೆದಿದ್ದರು. ನಾನು ಅದನ್ನು ಹೇಳಿದ ಮೇಲೆ ಚಿಕ್ಕಮ್ಮನ ಹದಿನೈದು ಸೆಕೆಂಡಿನ ಮೆಸೇಜ್ ಬಂತು: "ಯಂತ್ರ ಯಾಕಮ್ಮ, ನಾನಿಲ್ವಾ? ಇಪ್ಪತ್ತಾರು ವರ್ಷದಿಂದ ಈ ಮನೇಲಿ ಯಾರು ಯಾವಾಗ ಅಂತ ಲೆಕ್ಕ ಇಟ್ಟು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸ್ವಾಮಿಗಳಿಗೆ ಮಡೀಲಿ ಅಡಿಗೆ ಮಾಡ್ತಿರೋದು ಯಾರು?" ಹಿಂದೆ ಕುಕ್ಕರ್ ಕೂಗುತ್ತಿತ್ತು. ಅವಳು ಮಲೆಗೆ ಹೋಗಬೇಕು ಎಂದೂ ಹೇಳಲಿಲ್ಲ, ಹೋಗಬಾರದು ಎಂದೂ ಹೇಳಲಿಲ್ಲ. ನಮ್ಮ ಒಂದು ತಿಂಗಳ ವಾದದಲ್ಲಿ ಅವಳ ನಾಲ್ಕು ಗಂಟೆ ಎಲ್ಲೂ ಬಂದಿರಲಿಲ್ಲ ಅಲ್ವಾ, ನನ್ನ ಕಡೆಯಿಂದಲೂ.

2019ರ ಜನವರಿ 2ರಂದು ಇಬ್ಬರು ಹೆಂಗಸರು ಬೆಳಗಿನ ಜಾವ ದರ್ಶನ ಮಾಡಿ ಬಂದರು. ಅವತ್ತಿನ ಗಲಾಟೆ ಬೇಡ ಬಿಡಿ. ಆ ವರ್ಷ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮೂಲ ಪ್ರಶ್ನೆಗಳನ್ನು ಇನ್ನೂ ದೊಡ್ಡ ಪೀಠ ನೋಡಲಿ ಎಂದಿತು. ನಾವು ಸುಸ್ತಾಗಿದ್ದೆವು. ಗ್ರೂಪಿನಲ್ಲಿ ಮತ್ತೆ ಹೂವಿನ ಶುಭೋದಯ ಶುರುವಾಯಿತು. ನಾನು ವಾದ ಮಾಡುವುದನ್ನು ಕಲಿತುಬಿಟ್ಟೆ ಎಂದುಕೊಂಡೆ.

ಆಮೇಲೆ ಉಡುಪಿ. 2021ರ ಕೊನೆಗೆ ಅಲ್ಲಿನ ಸರ್ಕಾರಿ ಪಿಯು ಕಾಲೇಜಿನ ಬಾಗಿಲಲ್ಲಿ ಶುರುವಾದ ಹಿಜಾಬ್ ಜಗಳ ಫೆಬ್ರವರಿ ಹೊತ್ತಿಗೆ ರಾಜ್ಯದ ತುಂಬ ಹರಡಿತ್ತು. ನಮ್ಮ ಗ್ರೂಪಿನಲ್ಲಿ ಎಲ್ಲರೂ ಜಾಗ ಅದಲುಬದಲು ಮಾಡಿಕೊಂಡು ಕೂತಿದ್ದರು. ನಂಬಿಕೆಯ ವಿಷಯಕ್ಕೆ ಕೋರ್ಟ್ ಬರಬಾರದು ಎಂದು 2018ರಲ್ಲಿ ಕೂಗಿದವರು ಈಗ ಕೋರ್ಟ್ ಹೇಳಿದ್ದೇ ಸರಿ ಎನ್ನುತ್ತಿದ್ದರು. ಅವರದ್ದು ನನಗೆ ಚೆನ್ನಾಗಿ ಕಂಡಿತ್ತು. ನನ್ನದು ಕಾಣಲು ಮಾವನ ಸ್ಕ್ರೀನ್‌ಶಾಟ್ ಬೇಕಾಯಿತು.

ಅವತ್ತು ರಾತ್ರಿ ಒಂದು ಕೆಲಸ ಮಾಡಿದೆ. 2018ರ ನನ್ನ ಮೆಸೇಜುಗಳನ್ನು ಹುಡುಕಿ ತೆಗೆದು ಹೆಸರು ಬದಲಿಸಿ ಓದಿದೆ. ದೇವಸ್ಥಾನ ಇದ್ದ ಕಡೆ ತರಗತಿ, ವ್ರತ ಇದ್ದ ಕಡೆ ಹಿಜಾಬ್. ಆಫೀಸಿನಲ್ಲಿ ದಿನಾ ಮಾಡುವ ಕೆಲಸವೇ ಇದು, ಇನ್‌ಪುಟ್ ಬದಲಿಸಿ ನೋಡುವುದು. ಅರ್ಧಕ್ಕಿಂತ ಜಾಸ್ತಿ ವಾಕ್ಯಗಳನ್ನು ನಾನೇ ಒಪ್ಪಲು ಆಗಲಿಲ್ಲ. ಉಳಿದುಕೊಂಡದ್ದು ಒಂದೇ ಬಗೆಯ ಮಾತು: ಇದರಿಂದ ಆ ಹುಡುಗಿಯ ಓದು ಏನಾಗುತ್ತದೆ, ಆ ಹೆಂಗಸಿಗೆ ಯಾವ ಬಾಗಿಲು ಮುಚ್ಚುತ್ತದೆ ಎಂಬುದು. ಪುಸ್ತಕದ ಚೀಲ ಹಿಡಿದು ಅಜ್ಜಿ ಮನೆಗೆ ಹೋದ ನನ್ನ ವಿಷಯ ಹೆಸರು ಬದಲಿಸಿದರೂ ಅಲ್ಲಾಡಲಿಲ್ಲ. ಅತ್ಯಗತ್ಯ ಆಚರಣೆಯ ಮಾತು ಮಾತ್ರ ಗೆದ್ದಾಗ ಸಿಹಿ, ಸೋತಾಗ ಕಹಿ.

ಈ ಅತ್ಯಗತ್ಯ ಆಚರಣೆ ಎಲ್ಲಿಂದ ಬಂತು ಎಂದು ಹುಡುಕಿದರೆ ಮತ್ತೆ ಉಡುಪಿಯೇ! 1954ರ ಶೀರೂರು ಮಠದ ಕೇಸು. ಅಷ್ಟಮಠಗಳಲ್ಲಿ ಒಂದಾದ ಆ ಮಠದ ಆಡಳಿತದಲ್ಲಿ ಮದ್ರಾಸ್ ಸರ್ಕಾರ ಕೈ ಹಾಕಿದ್ದಕ್ಕೆ ಸ್ವಾಮಿಗಳು ಕೋರ್ಟಿಗೆ ಹೋಗಿದ್ದರು. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು. ಒಂದು ಧರ್ಮಕ್ಕೆ ಯಾವುದು ಅಗತ್ಯ ಎಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಧರ್ಮಕ್ಕೆ ರಕ್ಷಣೆಯಾಗಿ ಬಂದ ಮಾತು. 1961ರ ಅಜ್ಮೀರ್ ದರ್ಗಾ ಕೇಸಿನ ಹೊತ್ತಿಗೆ, ಮೂಢನಂಬಿಕೆಯಿಂದ ಸೇರಿಕೊಂಡದ್ದನ್ನು ಜರಡಿ ಹಿಡಿಯುವ ಕೆಲಸ ಕೋರ್ಟಿನ ಕೈಗೆ ಬಂದಿತ್ತು. ಶೀರೂರು ಮಠದಿಂದ ಹೊರಟ ಮಾತು 68 ವರ್ಷದ ಮೇಲೆ ಅದೇ ಊರಿನ ಕಾಲೇಜಿಗೆ ಬಂದು ನಿಂತಿತ್ತು. ಇದು ಗೊತ್ತಿಲ್ಲದೇ ನಾವು ನಾಲ್ಕು ವರ್ಷ ಆ ಪದ ಹಿಡಿದು ಬಡಿದಾಡಿದ್ದೆವು.

ಮರುದಿನ ನನ್ನ ಟೀಮಿನ ಗೆಳತಿಯನ್ನು ಕಾಫಿಗೆ ಕರೆದೆ. ಅವಳು ಹಿಜಾಬ್ ಹಾಕುತ್ತಾಳೆ. ಏಳು ವರ್ಷ ಪಕ್ಕದಲ್ಲೇ ಕೂತಿದ್ದಾಳೆ. ಎರಡು ತಿಂಗಳು ಅವಳ ಪರವಾಗಿ ಮನೆಯವರ ಜೊತೆ ಗುದ್ದಾಡಿದ ನಾನು ಅವಳ ಹತ್ತಿರ ಒಂದು ಮಾತೂ ಆಡಿರಲಿಲ್ಲ. "ತಂಗಿಗೆ ಪ್ರಾಕ್ಟಿಕಲ್ ಪರೀಕ್ಷೆ ಇದೆ, ಹೋಗ್ತಾಳೋ ಇಲ್ವೋ ಗೊತ್ತಿಲ್ಲ. ಮನೇಲಿ ಈಗ ಅದೊಂದೇ ಮಾತು" ಎಂದಳು. ಅಷ್ಟೇ ಹೇಳಿದಳು, ನಾನೂ ಜಾಸ್ತಿ ಕೇಳಲಿಲ್ಲ.

ಗ್ರೂಪಿನಲ್ಲಿ ಹೀಗೆ ಬರೆದೆ: "ಮಾವ ತೋರಿಸಿದ್ದು ಸರಿ. 2018ರಲ್ಲಿ ನನಗೆ ಬೇಕಾದ ಉತ್ತರ ಬಂತು ಅಂತ ದಾರಿಯನ್ನೂ ಒಪ್ಪಿಬಿಟ್ಟೆ. ಆ ವಾದ ವಾಪಸ್ ತಗೊಳ್ತೀನಿ. ಹೆಂಗಸರ ವಿಷಯದಲ್ಲಿ ನಿಲುವು ಅದೇ, ಕಾರಣ ಬೇರೆ." ಕಳಿಸುವ ಮುಂಚೆ ನಾಲ್ಕು ಸಲ ಅಳಿಸಿದ್ದೆ. ಮಾವ ಹೆಬ್ಬೆರಳು ಒತ್ತಿದರು. ತಾವೂ ಜಾಗ ಬದಲಿಸಿದ್ದರ ಬಗ್ಗೆ ಮಾತಿಲ್ಲ. ನನಗೆ ಸ್ವಲ್ಪ ಸಿಟ್ಟೇ ಬಂತು.

ಈಗ ರಾತ್ರಿ ಒಂಬತ್ತರ ಮೇಲೆ ಇಂಥ ವಿಷಯ ಬರೆಯುವುದಿಲ್ಲ. ಯಾರ ಮೇಲಾದರೂ ಸಿಟ್ಟು ಬಂದರೆ ಫೋನ್ ಮಾಡುತ್ತೇನೆ. ಫೋನಿನಲ್ಲಿ ಮಾವ ಮೊದಲು ಮೊಣಕಾಲು ನೋವಿನ ಸಮಾಚಾರ ಹೇಳುತ್ತಾರೆ, ಆಮೇಲೆ ಸಂವಿಧಾನ. ಗ್ರೂಪ್ ಬಿಟ್ಟ ಮಾವನ ಸೊಸೆಗೂ ಫೋನ್ ಮಾಡಿದೆ. ಅವಳು ಗ್ರೂಪಿಗೆ ವಾಪಸ್ ಬರಲಿಲ್ಲ. ಬರುವ ಮನಸ್ಸಿಲ್ಲ ಎಂದಳು.

2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಹಿಜಾಬ್ ವಿಷಯದಲ್ಲಿ ಎರಡು ದಿಕ್ಕಾದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅತ್ಯಗತ್ಯ ಆಚರಣೆಯ ದಾರಿಯೇ ಇಲ್ಲಿ ಬೇಕಿರಲಿಲ್ಲ, ಹೆಣ್ಣುಮಕ್ಕಳ ಓದೇ ತಮಗೆ ಮುಖ್ಯ ಎಂದರು. ಸಂಜೆ ಮಾವನೇ ಫೋನ್ ಮಾಡಿದರು. ಧುಲಿಯಾ ಅವರ ಮಾತು ಒಪ್ಪಲಿಲ್ಲ, ಆದರೆ ಬೇರೆಯದೇ ಒಂದು ಕೇಳಿದರು. "ಆ ಮಲ್ಹೋತ್ರಾ ಮೇಡಂ ಬರೆದದ್ದು ಕನ್ನಡದಲ್ಲಿ ಸಿಗುತ್ತೇನೇ? ನೀನು ಹೇಳಿದ್ದಷ್ಟೇ ಕೇಳಿದ್ದೀನಿ, ನಾನೇ ಓದಬೇಕು."

ಸಿಗಲಿಲ್ಲ. ನಾನೇ ಮಾಡಿಕೊಡುತ್ತೇನೆ ಎಂದೆ. ನನಗೆ ಒಪ್ಪಿಗೆ ಇಲ್ಲದ ಭಾಗವನ್ನು ವಾರಕ್ಕೆ ಮೂರು ಪುಟದಂತೆ ಕನ್ನಡಕ್ಕೆ ತಂದು ಮಾವನಿಗೆ ಕಳಿಸತೊಡಗಿದೆ. ಅವರು ನಿವೃತ್ತ ಕನ್ನಡ ಮೇಷ್ಟ್ರು, ಕೆಂಪು ಪೆನ್ನಿನಲ್ಲಿ ತಿದ್ದಿ ಫೋಟೋ ತೆಗೆದು ಕಳಿಸುತ್ತಾರೆ. ಅಯ್ಯಪ್ಪನ ಭಕ್ತರು ಬೇರೆಯೇ ಒಂದು 'ಡಿನಾಮಿನೇಷನ್' (ಧರ್ಮದೊಳಗಿನ ಪ್ರತ್ಯೇಕ ಗುಂಪು) ಹೌದೋ ಅಲ್ಲವೋ ಎನ್ನುವ ಕಡೆ ಬಂದು ಸಿಕ್ಕಿಕೊಂಡೆವು. ನಾನು 'ಪಂಗಡ' ಎಂದೆ. ಅದು ಜಾತಿಯ ವಾಸನೆ ಹೊಡೆಯುತ್ತದೆ, 'ಪಂಥ' ಅನ್ನು ಎಂದರು ಮಾವ. ಪಂಥ ಅಂದರೆ ನಮ್ಮ ಕಡೆ ಪಂದ್ಯ ಕಟ್ಟುವುದು ಎಂದೆ ನಾನು. ಎರಡು ದಿನ ಅದೇ ಜಗಳ. ಕೊನೆಗೆ 'ಪಂಥ' ಎಂದು ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಮುಂದಿನ ಪುಟಕ್ಕೆ ಹೋದೆವು.