ಗ್ಲಾಕೋಮಾ ಆಪರೇಷನ್ ಆದ ಕಣ್ಣು ಕೆಂಪಾದರೆ ಏನು ಮಾಡಬೇಕು?

ಗ್ಲಾಕೋಮಾದಲ್ಲಿ ಕಣ್ಣಿನ ಒತ್ತಡ ಇಳಿಸಲು ಮಾಡುವ ಟ್ರಾಬೆಕ್ಯುಲೆಕ್ಟಮಿ ಎಂಬ ಆಪರೇಷನ್ ಆದವರ ಮೇಲ್ರೆಪ್ಪೆಯಡಿ ಬ್ಲೆಬ್ ಎಂಬ ಸಣ್ಣ ಉಬ್ಬು ಇರುತ್ತದೆ. ಕಣ್ಣೊಳಗಿನ ದ್ರವ ಅಲ್ಲಿಗೆ ಹರಿದು ಒತ್ತಡ ಇಳಿಯುತ್ತದೆ. ಅದರ ಗೋಡೆ ತೆಳುವಾದರೆ ಅಥವಾ ಸೋರತೊಡಗಿದರೆ ಬ್ಯಾಕ್ಟೀರಿಯಾಗಳಿಗೂ ಅದೇ ದಾರಿ. ಆಪರೇಷನ್ ಆಗಿ ಎಷ್ಟೋ ವರ್ಷಗಳ ಮೇಲೂ ಸೋಂಕು ತಗಲಬಹುದು.

ಕಣ್ಣು ಕೆಂಪಾಗುವುದು, ನೋವು, ಕೀವು, ಬೆಳಕು ಚುಚ್ಚುವುದು, ದೃಷ್ಟಿ ಮಂಜಾಗುವುದು, ಬಿಡದೆ ನೀರು ಸೋರುವುದು: ಒಂದು ಕಂಡರೂ ಅಂದೇ, ರಾತ್ರಿಯಾದರೂ ಸರಿ, ಕಣ್ಣಿನ ತುರ್ತು ವಿಭಾಗಕ್ಕೆ ಹೋಗಿ. ಬ್ಲೆಬ್ ಇದೆಯೆಂದು ಮೊದಲೇ ಹೇಳಿ. ಇಲ್ಲದಿದ್ದರೆ ಸಾಮಾನ್ಯ ಕಣ್ಣುಬೇನೆ ಎಂದುಕೊಳ್ಳುವ ಅಪಾಯವಿದೆ. ಬಳಸುತ್ತಿರುವ ಹನಿಗಳನ್ನೆಲ್ಲ ಜೊತೆಗೆ ಒಯ್ಯಿರಿ. ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಹನಿ ಹಾಕಿಕೊಳ್ಳಲೇಬೇಡಿ: ಕೆಂಪು ಇಳಿದಂತೆ ಕಂಡರೂ ಸೋಂಕು ಒಳಗೊಳಗೇ ಬೆಳೆಯುತ್ತದೆ.

ಸೋಂಕು ಬ್ಲೆಬ್‌ನಲ್ಲಷ್ಟೇ ಇದ್ದರೆ, ಬೇಗ ಆಂಟಿಬಯಾಟಿಕ್ ಶುರುವಾದರೆ, ದೃಷ್ಟಿ ಬಹುಮಟ್ಟಿಗೆ ಉಳಿಯುತ್ತದೆ. ಕಣ್ಣುಗುಡ್ಡೆಯೊಳಗೆ ತುಂಬಿರುವ ಲೋಳೆಯಂಥ ವಿಟ್ರಿಯಸ್‌ಗೆ ಇಳಿದರೆ ಅದು ಎಂಡೊಫ್ತಾಲ್ಮೈಟಿಸ್, ಅಂದರೆ ಕಣ್ಣೊಳಗಿನ ತೀವ್ರ ಸೋಂಕು. ಆಗ ಕಣ್ಣೊಳಗೇ ಇಂಜೆಕ್ಷನ್ ಬೇಕು, ಕೆಲವೊಮ್ಮೆ ಆ ಲೋಳೆಯನ್ನು ತೆಗೆಯುವ ವಿಟ್ರೆಕ್ಟಮಿ ಆಪರೇಷನ್ನೂ. ಕಾರಣ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಆಗಿದ್ದರೆ ಚಿಕಿತ್ಸೆ ಸಿಕ್ಕರೂ ದೃಷ್ಟಿ ಹೋಗುವುದುಂಟು. ಗ್ಲಾಕೋಮಾದಿಂದ ದೃಷ್ಟಿನರ ಮೊದಲೇ ಸವೆದಿರುವ ಈ ಕಣ್ಣಿಗೆ ಒಂದೊಂದು ಗಂಟೆಯೂ ಮುಖ್ಯ.

ದಿನವೂ ಕೈ ತೊಳೆದೇ ಹನಿ ಹಾಕಿಕೊಳ್ಳಿ, ಬಾಟಲಿಯ ತುದಿ ರೆಪ್ಪೆಗೆ ತಾಗದಿರಲಿ. ಕಣ್ಣುಜ್ಜಬೇಡಿ. ವೈದ್ಯರನ್ನು ಕೇಳದೆ ಕಾಂಟ್ಯಾಕ್ಟ್ ಲೆನ್ಸ್ ಬೇಡ.