ಸೈಕಲ್ ದಿಂಡಿ: ಓಣಿಯ ಮಕ್ಕಳನ್ನು ಒಟ್ಟಾಗಿ ಶಾಲೆಗೆ ಕರೆದೊಯ್ಯುವ ಬಗೆ

ವಿಜಯಪುರದ ಹಳೆ ಊರಿನೊಳಗೆ, ಕೋಟೆಗೋಡೆಯ ಮಗ್ಗುಲಿನ ಓಣಿಯಲ್ಲಿ ನನ್ನದೊಂದು ಸೈಕಲ್ ರಿಪೇರಿ ಅಂಗಡಿ. ಇಟ್ಟು ಇಪ್ಪತ್ತೆಂಟು ವರ್ಷವಾಯಿತು. ನಾಲ್ಕು ವರ್ಷದ ಹಿಂದೆ ಡಿಸೆಂಬರಿನ ಒಂದು ಸಂಜೆ ಎಂಟನೇ ಇಯತ್ತೆಯ ಹುಡುಗಿಯ ಸೈಕಲ್ ಪಂಚರಿಗೆ ಬಂತು. ಹಿಂದಿನ ಗಾಲಿಯಲ್ಲಿ ಎರಡು ಜಾಲಿಮುಳ್ಳು. ಟ್ಯೂಬ್ ಹೊರಗೆ ತೆಗೆಯುವಾಗ ನೋಡಿದರೆ ಬ್ರೇಕ್ ರಬ್ಬರ್ ಪೂರ್ತಿ ಸವೆದು ಒಳಗಿನ ಕಬ್ಬಿಣ ರಿಮ್ಮಿಗೆ ತಿಕ್ಕುತ್ತಿತ್ತು. "ಇದನ್ನೂ ಬದಲಿ ಮಾಡ್ಲೇನ್ರಿ?" ಅಂತ ಕೇಳಿದೆ. "ಮುಂದಿನ ವಾರ ನೋಡೂಣ್ರಿ, ಈಗ ಪಂಚರ್ ಅಷ್ಟ ಹಚ್ರಿ" ಅಂದರು ಅವಳ ಅಪ್ಪ. ಹಚ್ಚಿ ಕೊಟ್ಟೆ. ಶನಿವಾರ ಮುಂಜಾನೆ ಸಾಲಿ, ಮಬ್ಬು ಇನ್ನೂ ಹರಿದಿರಲಿಲ್ಲ. ರಸ್ತೆ ಬದಿಗೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಆ ಹುಡುಗಿ ಹಿಂದಿನಿಂದ ಹೋಗಿ ಬಡಿದಳು. ಎಡಗೈ ಮುರಿಯಿತು, ಗದ್ದಕ್ಕೆ ಐದು ಹೊಲಿಗೆ ಬಿತ್ತು.

ಇಪ್ಪತ್ತು ಮೂವತ್ತು ರೂಪಾಯಿಯ ರಬ್ಬರ್. ನಾನೇ ಹಾಕಿ ಕಳಿಸಬೇಕಿತ್ತು. ಅಂದಿನಿಂದ ಬ್ರೇಕ್ ಸರಿ ಇಲ್ಲದ ಸೈಕಲ್ಲನ್ನು ನನ್ನ ಅಂಗಡಿಯಿಂದ ಹೊರಗೆ ಬಿಟ್ಟಿಲ್ಲ. ರೊಕ್ಕ ಇಲ್ಲದಿದ್ದರೆ ಆಮೇಲೆ ಕೊಡಲಿ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಮುಗಿದ ಮೇಲೆ ಓಣಿಯವರು ನಾಲ್ಕು ಜನ ಕೂಡಿ ಮಾತಾಡಿದೆವು. ಸೈಕಲ್ ಬಿಡಿಸಿ ಆಟೋ ಹಚ್ಚೋಣ ಎಂದರು ಕೆಲವರು. ಮಕ್ಕಳನ್ನು ಕಾಲು ಹೊರಗೆ ಜೋತುಬೀಳುವಷ್ಟು ತುಂಬಿಕೊಂಡು ಹೋಗುವ ಆಟೋಗಳನ್ನು ದಿನಾ ನೋಡುವವನು ನಾನು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಆಗ ಪಕ್ಕದ ಮನೆಯ ಆಯಿ ಒಂದು ಮಾತು ಹೇಳಿದರು. ವರ್ಷಾ ಆಷಾಢಕ್ಕೆ ದಿಂಡಿಯಲ್ಲಿ, ಅಂದರೆ ಸಾಲುಗಟ್ಟಿ ನಡೆಯುವ ಭಕ್ತರ ಗುಂಪಿನಲ್ಲಿ, ಪಂಢರಪುರಕ್ಕೆ ನಡೆದು ಹೋಗುವವರು ಅವರು. "ನಾವು ಹಿಂಡ ಮಂದಿ ಹೆದ್ದಾರಿ ಹಿಡದ ಹೊಕ್ಕೀವಿ. ಮುಂದ ಪತಾಕಿ, ಹಿಂದ ಒಬ್ಬ ಹಿರೇಮನಷ್ಯಾ, ನಡುವ ಒಂದ ಸಾಲು. ಹುಡುಗ್ರನ್ನೂ ಹಂಗ ಒಯ್ರಲ್ಲ." ಅಲ್ಲಿಂದ ಹುಟ್ಟಿದ್ದು ನಮ್ಮ ಸೈಕಲ್ ದಿಂಡಿ. ನಿಮ್ಮ ಓಣಿಯಲ್ಲೂ ಕಟ್ಟಬಹುದು. ಹೇಗೆ ಅಂತ ಹೇಳುತ್ತೇನೆ.

ಮಕ್ಕಳಿಗೆ ಬುದ್ಧಿ ಹೇಳುವುದರಿಂದ ಶುರು ಮಾಡಬೇಡಿ. ಮೊದಲು ದಾರಿ ನೋಡಿ. ದೊಡ್ಡವರು ಇಬ್ಬರು, ಶಾಲೆ ಬಿಡುವ ಹೊತ್ತಿಗೆ ಒಮ್ಮೆ, ಶಾಲೆ ಕೂಡುವ ಹೊತ್ತಿಗೆ ಒಮ್ಮೆ, ಆ ದಾರಿಯನ್ನು ಸೈಕಲ್ ಮೇಲೇ ಹೋಗಿ ಬರಬೇಕು. ಬೈಕ್ ಮೇಲೆ ಹೋದರೆ ಕಾಣುವುದಿಲ್ಲ. ನಮ್ಮ ಮಕ್ಕಳಿಗೆ ಗಾಂಧಿ ಚೌಕದ ಕಡೆಯಿಂದ ಹೋದರೆ ಹತ್ತಿರ. ಆದರೆ ಅಲ್ಲಿ ಬಸ್ಸು, ಆಟೋ, ತಳ್ಳುಗಾಡಿ, ನಿಲ್ಲಿಸಿದ ಕಾರು ಎಲ್ಲ ಒಂದೇ ಕಡೆ. ಓಣಿ ಒಳಗಿಂದ ಸುತ್ತಿ ಹೋದರೆ ಐದು ನಿಮಿಷ ಹೆಚ್ಚು, ದೊಡ್ಡ ರಸ್ತೆ ದಾಟುವುದು ಮಾತ್ರ ಒಂದೇ ಸಲ. ಆ ಐದು ನಿಮಿಷ ಕೊಟ್ಟುಬಿಡಿ. ತೆರೆದ ಗಟಾರ, ಮುಚ್ಚಳ ಕಿತ್ತ ಚೇಂಬರ್, ಬೆನ್ನಟ್ಟುವ ನಾಯಿ, ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಯಿಂದ ಎರಿಮಣ್ಣು ಬಿದ್ದು ಜಾರುವ ತಿರುವು, ಇವನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಆ ಹಾಳೆ ಆಮೇಲೆ ಅರ್ಜಿಗೂ ಬರುತ್ತದೆ.

ದೊಡ್ಡ ರಸ್ತೆ ದಾಟುವ ಜಾಗದಲ್ಲಿ ವೇಗ ಅಳೆಯಿರಿ. ಯಂತ್ರ ಬೇಡ. ಹಗ್ಗ ಹಿಡಿದು ರಸ್ತೆ ಬದಿಗೆ 50 ಮೀಟರ್ ಅಳೆದು ಎರಡೂ ತುದಿಗೆ ಸುಣ್ಣದ ಗೆರೆ ಹಾಕಿ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇರುತ್ತದೆ. ಮೊದಲ ಗೆರೆಯಿಂದ ಎರಡನೆಯದಕ್ಕೆ ಗಾಡಿ 6 ಸೆಕೆಂಡಿಗೆ ಬಂದರೆ ವೇಗ ಗಂಟೆಗೆ 30 ಕಿ.ಮೀ. 3.6 ಸೆಕೆಂಡಿಗೆ ಬಂದರೆ 50 ಕಿ.ಮೀ. ನಮ್ಮ ಕ್ರಾಸಿನಲ್ಲಿ ನಿಂತಾಗ ಬಹಳಷ್ಟು ಬೈಕುಗಳು ನಾಲ್ಕು ಸೆಕೆಂಡಿನ ಒಳಗೇ ದಾಟಿದವು. ಕೇಳುವುದಕ್ಕೆ 30ಕ್ಕೂ 50ಕ್ಕೂ ಬರೀ ಇಪ್ಪತ್ತರ ಅಂತರ, ಆದರೆ ಡಿಕ್ಕಿಯ ಬಲ ಸುಮಾರು ಮೂರು ಪಟ್ಟು. ಬ್ರೇಕ್ ಹಿಡಿಯಬೇಕು ಅಂತ ಹೊಳೆಯುವ ಒಂದು ಸೆಕೆಂಡಿನೊಳಗೇ 50ರ ಗಾಡಿ ಸುಮಾರು 14 ಮೀಟರ್ ಮುಂದೆ ಹೋಗಿರುತ್ತದೆ. 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಜಾಗತಿಕ ರಸ್ತೆ ಸುರಕ್ಷತಾ ಸಮಾವೇಶ, ನಡೆಯುವವರೂ ಸೈಕಲ್ಲಿನವರೂ ಗಾಡಿಗಳ ಜೊತೆ ಬೆರೆಯುವ ಕಡೆ ವೇಗ 30ನ್ನು ಮೀರಬಾರದು ಅಂತಲೇ ಹೇಳಿತು.

ಇನ್ನು ಸೈಕಲ್. ಇದು ನನ್ನ ಕಸಬು, ಇಲ್ಲಿ ಸ್ವಲ್ಪ ಹೆಚ್ಚು ಹೇಳುತ್ತೇನೆ. ತಿಂಗಳ ಮೊದಲ ರವಿವಾರ ದಿಂಡಿಯ ಎಲ್ಲ ಸೈಕಲ್ಲುಗಳನ್ನು ಒಂದು ಕಡೆ ನಿಲ್ಲಿಸಿ ನೋಡಿ. ಮೊದಲು ಬ್ರೇಕ್. ಮಗುವೇ ಹಿಡಿಕೆ ಒತ್ತಬೇಕು, ನೀವಲ್ಲ. ದೊಡ್ಡವರ ಕೈಬಲಕ್ಕೆ ಸಡಿಲ ಬ್ರೇಕೂ ಹಿಡಿಯುತ್ತದೆ. ಪೂರ್ತಿ ಒತ್ತಿದಾಗ ಹಿಡಿಕೆಗೂ ಹ್ಯಾಂಡಲಿಗೂ ನಡುವೆ ಮಗುವಿನ ಎರಡು ಬೆರಳು ಹಿಡಿಸುವಷ್ಟು ಜಾಗ ಉಳಿಯಬೇಕು. ಹ್ಯಾಂಡಲಿಗೇ ತಾಗಿದರೆ ವಾಯರ್ ಬಿಗಿ ಮಾಡಿಸಿ. ರಬ್ಬರಿನ ಮೇಲೆ ಅಡ್ಡ ಗೀರುಗಳಿರುತ್ತವೆ. ಅವು ಅಳಿಸಿಹೋಗಿದ್ದರೆ ರಬ್ಬರ್ ಮುಗಿಯಿತು ಎಂದೇ ಅರ್ಥ. ಮಳೆಗಾಲದಲ್ಲಿ ನಮ್ಮ ಎರಿಮಣ್ಣು ಮಡ್‌ಗಾರ್ಡಿಗೂ ಬ್ರೇಕಿಗೂ ಮೆತ್ತಿ ಕುಳಿತುಬಿಡುತ್ತದೆ. ಕಡ್ಡಿ ಹಿಡಿದು ಕೆರೆದು ತೆಗೆಯುವುದನ್ನು ಮಕ್ಕಳಿಗೇ ಕಲಿಸಿ. ರಿಮ್ ಒದ್ದೆಯಾಗಿದ್ದರೆ ಗಾಲಿ ಒಂದೆರಡು ಸುತ್ತು ತಿರುಗಿ ನೀರು ಒರೆಸಿಹೋಗುವ ತನಕ ಬ್ರೇಕ್ ಕಚ್ಚುವುದಿಲ್ಲ. ಅದಕ್ಕೇ ಮಳೆಯಲ್ಲಿ ಮೊದಲೇ, ಮೆಲ್ಲಗೆ ಹಿಡಿಯಬೇಕು.

ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ತುದಿಯಾದರೂ ನೆಲಕ್ಕೆ ತಾಗಬೇಕು. "ಮುಂದಿನ ವರ್ಷಕ್ಕೂ ಆಗ್ಲಿ" ಅಂತ ದೊಡ್ಡ ಸೈಕಲ್ ಕೊಡಿಸುವ ತಂದೆತಾಯಿಗಳನ್ನು ನಾನು ಬೇಡಿಕೊಳ್ಳುತ್ತೇನೆ: ಹಾಗೆ ಮಾಡಬೇಡಿ. ಅಂಗಿ ಚಡ್ಡಿ ದೊಡ್ಡದಾದರೆ ಮಡಚಬಹುದು, ಸೈಕಲ್ ಮಡಚಲಾಗದು. ಹೆಣ್ಣುಮಕ್ಕಳ ಸೈಕಲ್ಲಿಗೆ ಚೈನ್ ಕವರ್ ಇರಲೇಬೇಕು, ವೇಲನ್ನು ಎದೆಗೆ ಅಡ್ಡ ಕಟ್ಟಿ ಹಿಂದೆ ಗಂಟು ಹಾಕಿಕೊಳ್ಳಬೇಕು. ಪಾಟೀಚೀಲ ಹ್ಯಾಂಡಲಿಗೆ ತೂಗಬಾರದು. ತಿರುಗಿಸುವಾಗ ಅದು ಮಂಡಿಗೆ ಬಡಿದು ಬೀಳಿಸುತ್ತದೆ. ಕ್ಯಾರಿಯರಿಗೆ ಬಿಗಿದು ಕಟ್ಟಿ. ಹಿಂದೆ ಕೆಂಪು ರಿಫ್ಲೆಕ್ಟರ್, ಮುಂದೆ ಬಿಳಿ, ಪೆಡಲಿಗೆ ಹಳದಿ. ಒಡೆದಿದ್ದರೆ ರೇಡಿಯಂ ಪಟ್ಟಿ ಕತ್ತರಿಸಿ ಮಡ್‌ಗಾರ್ಡಿಗೆ ಅಂಟಿಸಿ. ಹೆಲ್ಮೆಟ್ ಕೊಡಿಸುವ ಶಕ್ತಿ ಇದ್ದವರು ಕೊಡಿಸಿ. ಹುಬ್ಬಿನ ಮೇಲೆ ಎರಡು ಬೆರಳಿನಷ್ಟೇ ಜಾಗ ಬಿಟ್ಟು ಕೂರಬೇಕು, ಪಟ್ಟಿ ಗದ್ದದ ಕೆಳಗೆ ಬಿಗಿ ಇರಬೇಕು. ಜಾಲಿಮುಳ್ಳಿಗೆ ಮಾತ್ರ ಔಷಧವಿಲ್ಲ, ಒಂದು ಪಂಪು ಸದಾ ಜೊತೆಗಿರಲಿ.

ಇನ್ನು ದಿಂಡಿ ನಡೆಸುವ ರೀತಿ. ಹತ್ತು ಹನ್ನೆರಡು ಮಕ್ಕಳಿಗೆ ಇಬ್ಬರು ದೊಡ್ಡವರು ಸಾಕು, ಅದಕ್ಕಿಂತ ಹೆಚ್ಚಾದರೆ ಎರಡು ದಿಂಡಿ ಮಾಡಿ. ಮುಂದಿನವರ ಕ್ಯಾರಿಯರಿಗೆ ಉದ್ದ ಕೋಲು ಕಟ್ಟಿ, ತುದಿಗೆ ಹಳದಿ ಬಟ್ಟೆ. ದೂರದಿಂದ, ಗಾಡಿಗಳ ತಲೆ ಮೇಲಿಂದಲೂ ಅದು ಕಾಣುತ್ತದೆ. ತೀರ ಚಿಕ್ಕವರು ಮುಂದಿನವರ ಬೆನ್ನಿಗೇ ಇರಲಿ, ವೇಗ ಅವರದೇ. ಒಂದೇ ಸಾಲು, ಒಂದು ಸೈಕಲ್ಲಿಗೂ ಇನ್ನೊಂದಕ್ಕೂ ನಡುವೆ ಒಂದು ಸೈಕಲ್ ಉದ್ದದ ಜಾಗ. ನಿಲ್ಲಿಸಿದ ಕಾರಿನ ಪಕ್ಕ ಹೋಗುವಾಗ ಬಾಗಿಲು ತೆರೆದರೂ ತಾಗದಷ್ಟು, ಒಂದು ಮೀಟರ್ ಬಿಟ್ಟು ಹೋಗಬೇಕು. ದೊಡ್ಡ ರಸ್ತೆ ಬಂದಾಗ ಎಲ್ಲರೂ ಇಳಿಯಬೇಕು. ಹಿಂದಿನವರು ಮುಂದೆ ಬಂದು ಕೈ ಚಾಚಿ ನಿಲ್ಲುತ್ತಾರೆ, ಮಕ್ಕಳು ಸೈಕಲ್ ತಳ್ಳಿಕೊಂಡು ಒಮ್ಮೆಲೇ ದಾಟುತ್ತಾರೆ. ಇಬ್ಬರು ಈ ಕಡೆ, ನಾಲ್ವರು ಆ ಕಡೆ ಆಗಬಾರದು. ಸೀಟಿ ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ನಡೆ. ಇಷ್ಟೇ. ಇದಕ್ಕಿಂತ ಹೆಚ್ಚು ನಿಯಮ ಮಾಡಿದರೆ ಮಕ್ಕಳ ನೆನಪಿನಲ್ಲಿ ಒಂದೂ ಉಳಿಯುವುದಿಲ್ಲ.

ಒಂದು ಪಾಠ ಮಾತ್ರ ಕಣ್ಣಾರೆ ತೋರಿಸಲೇಬೇಕು. ನಮ್ಮ ಓಣಿಯ ಒಬ್ಬರು ಹಂಗಾಮಿನಲ್ಲಿ ಕಬ್ಬು ಹೊಡೆಯುತ್ತಾರೆ. ಒಂದು ರವಿವಾರ ಅವರು ಟ್ರ್ಯಾಕ್ಟರಿಗೆ ಖಾಲಿ ಟ್ರೇಲರ್ ಎರಡನ್ನೂ ಕಟ್ಟಿಕೊಂಡು ಬಯಲಿಗೆ ತಂದರು. ಮಕ್ಕಳು ತಮ್ಮ ಸೈಕಲ್ಲುಗಳನ್ನು ಟ್ರೇಲರಿನ ಎಡಗಡೆಗೂ ಹಿಂದಕ್ಕೂ ನಿಲ್ಲಿಸಿದರು. ಆಮೇಲೆ ಒಬ್ಬೊಬ್ಬರನ್ನಾಗಿ ಹತ್ತಿಸಿ ಡ್ರೈವರ್ ಸೀಟಿನಲ್ಲಿ ಕೂರಿಸಿ, "ಎಷ್ಟು ಸೈಕಲ್ ಕಾಣ್ತಾವ, ಎಣಸು" ಎಂದೆವು. ಹನ್ನೊಂದು ಸೈಕಲ್ ಇದ್ದವು. ಆರನೇ ಇಯತ್ತೆಯ ಹುಡುಗನೊಬ್ಬ ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡಿ, "ಕಾಕಾ, ಎರಡ ಅದಾವ್ರಿ. ನಂದು ಎಲ್ಲಿ ಐತಿ?" ಅಂದ. ಅವನ ಸೈಕಲ್ ಮೊದಲ ಟ್ರೇಲರಿನ ಗಾಲಿಗೆ ತಾಗಿಯೇ ನಿಂತಿತ್ತು. ಬಳಿಕ ಟ್ರ್ಯಾಕ್ಟರನ್ನು ಎಡಕ್ಕೆ ನಿಧಾನ ತಿರುಗಿಸಿ ತೋರಿಸಿದರು. ಮುಂದಿನ ಗಾಲಿ ದೂರ ಹಾದು ಹೋದರೂ ಹಿಂದಿನ ಟ್ರೇಲರ್ ಒಳಗೆ ಒಳಗೆ ಸರಿಯುತ್ತ, ನಾವಿಟ್ಟಿದ್ದ ಖಾಲಿ ಎಣ್ಣೆ ಡಬ್ಬಿಯ ಮೇಲೇ ಹಾದುಹೋಯಿತು. ಡಬ್ಬಿ ಚಪಾತಿಯಂತೆ ಚಪ್ಪಟೆ. ಯಾವ ಮಗುವೂ ಮಾತಾಡಲಿಲ್ಲ. ಅದಾದ ಮೇಲೆ ಎಡಕ್ಕೆ ತಿರುಗುವ ದೊಡ್ಡ ಗಾಡಿಯ ಎಡಗಡೆಗೆ ನುಗ್ಗಬೇಡ ಅಂತ ನಾನು ಯಾರಿಗೂ ಹೇಳಬೇಕಾಗಿ ಬಂದಿಲ್ಲ. ಈ ಪಾಠಕ್ಕೆ ಬಯಲು ಜಾಗವೇ ಬೇಕು, ಟ್ರ್ಯಾಕ್ಟರ್ ಅಲುಗಾಡುವ ಮೊದಲು ಎಲ್ಲ ಮಕ್ಕಳೂ ದೂರದಲ್ಲಿ ಒಂದೇ ಕಡೆ ಕೂತಿರಬೇಕು.

ಒಂಬತ್ತನೇ ಇಯತ್ತೆಗೆ ಬಂದ ಕೂಡಲೇ ಕೆಲವು ಅಪ್ಪಂದಿರು ಮಗನಿಗೆ ಸ್ಕೂಟಿ ಕೊಟ್ಟುಬಿಡುತ್ತಾರೆ. ಅಂಥವರ ಮನೆಗೆ ನಾನೇ ಹೋಗಿ ಕೂತು ಮಾತಾಡುತ್ತೇನೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಅಪ್ರಾಪ್ತ ವಯಸ್ಸಿನ ಮಗು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ಆದರೆ ಕಾನೂನಿಗಿಂತ ಇನ್ನೊಂದು ಮಾತು ಹೆಚ್ಚು ಕೆಲಸ ಮಾಡುತ್ತದೆ. ರಾಷ್ಟ್ರಮಟ್ಟದಲ್ಲಿ ಪದಕ ತಂದ ಸೈಕ್ಲಿಸ್ಟುಗಳನ್ನು ಕೊಟ್ಟ ಜಿಲ್ಲೆ ನಮ್ಮದು. ಇಲ್ಲಿ ಸೈಕಲ್ ಬಡತನದ ಗುರುತಲ್ಲ. ಹಾಗೆಂದಾಗ ಅಪ್ಪನಿಗಿಂತ ಮೊದಲು ಮಗನ ಮುಖ ಅರಳುತ್ತದೆ.

ದಿಂಡಿ ಒಂದು ತಿಂಗಳು ನಡೆದ ಮೇಲೆ ಅರ್ಜಿ ಕೊಡಿ, ಮೊದಲಲ್ಲ. ಕೈಯಲ್ಲಿ ಲೆಕ್ಕ ಇದ್ದವರ ಮಾತಿಗೆ ತೂಕ ಬೇರೆ. ಊರೊಳಗಿನ ರಸ್ತೆಗೆ ಮಹಾನಗರ ಪಾಲಿಕೆ, ರಾಜ್ಯ ಹೆದ್ದಾರಿಗೆ ಲೋಕೋಪಯೋಗಿ ಇಲಾಖೆ, ರಾಷ್ಟ್ರೀಯ ಹೆದ್ದಾರಿಗೆ ಹೆದ್ದಾರಿ ಪ್ರಾಧಿಕಾರ, ವೇಗಕ್ಕೂ ಅಡ್ಡಾದಿಡ್ಡಿ ನಿಲ್ಲಿಸುವುದಕ್ಕೂ ಸಂಚಾರ ಪೊಲೀಸರು. ಎಲ್ಲರೂ ಒಂದು ಮೇಜಿಗೆ ಬರುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಲ್ಲಿ, ಆದ್ದರಿಂದ ಒಂದು ಪ್ರತಿ ಅಲ್ಲಿಗೂ ಹೋಗಲಿ. ಒಂದು ಅರ್ಜಿಗೆ ಒಂದೇ ಬೇಡಿಕೆ, ಒಂದೇ ಪುಟ, ಫೋಟೋ, ನೀವು ಅಳೆದ ಸೆಕೆಂಡುಗಳು, ಮಕ್ಕಳು ದಾಟುವ ಹೊತ್ತು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: ಶುಲ್ಕ 10 ರೂಪಾಯಿ, ಗಡುವು 30 ದಿನ.

"ಅಲ್ಲಿ ಅಷ್ಟು ಅಪಘಾತ ಆಗಿಲ್ಲ" ಎನ್ನಬಹುದು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ ಕಪ್ಪುಚುಕ್ಕೆ ಎಂದರೆ ಸುಮಾರು 500 ಮೀಟರ್ ರಸ್ತೆಯಲ್ಲಿ ಮೂರು ವರ್ಷಕ್ಕೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು. ಮಕ್ಕಳು ದಾಟುವ ಕ್ರಾಸು ಆ ಪಟ್ಟಿಗೆ ಸೇರುವ ತನಕ ಕಾಯಲು ನಾನು ತಯಾರಿಲ್ಲ, ನೀವೂ ಆಗಬೇಡಿ. ಹಾಗಂತ ಓಣಿಯವರೇ ಕಲ್ಲು ಮಣ್ಣು ಹಾಕಿ ಹಂಪ್ ಮಾಡುವುದೂ ತಪ್ಪು. ಚೂಪಾದ ದಿಬ್ಬಕ್ಕೆ ಮೊದಲು ಬೀಳುವುದು ಸೈಕಲ್ಲೇ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯ ಹಂಪ್ 10 ಸೆಂ.ಮೀ ಎತ್ತರ, 3.7 ಮೀಟರ್ ಅಗಲ ಇರುತ್ತದೆ, ಮೇಲೆ ಬಣ್ಣ, ಮುಂಚೆಯೇ ಸೂಚನಾ ಫಲಕ. ಅರ್ಜಿಯಲ್ಲಿ ಈ ಅಳತೆಯನ್ನೇ ಬರೆಯಿರಿ.

ಏನಾದರೂ ಆಗಿಯೇಬಿಟ್ಟರೆ 108, ಇಲ್ಲವೇ 112. ಗಾಯಾಳುವನ್ನು ಎತ್ತಿಕೊಂಡು ಹೋದವರನ್ನು ಕಾನೂನು ಕಾಪಾಡುತ್ತದೆ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. ರಸ್ತೆ ಬದಿಯ ಚಹಾದಂಗಡಿ, ಪಾನ್ ಅಂಗಡಿಯವರಿಗೆ ಇದನ್ನು ಮೊದಲೇ ಹೇಳಿಡಿ.

ಈಗ ಕಬ್ಬಿನ ಹಂಗಾಮು ಹತ್ತಿರ ಬಂದಿದೆ. ತುಂಬಿದ ಟ್ರೇಲರಿನಿಂದ ಕಬ್ಬು ಹಿಂದಕ್ಕೆ ಜೋತು ಬಿದ್ದು ಇದ್ದಬದ್ದ ರಿಫ್ಲೆಕ್ಟರನ್ನೂ ಮುಚ್ಚಿಬಿಡುತ್ತದೆ. ಅದಕ್ಕೆ ನಾವು ಗೋಣಿಪಟ್ಟಿಗೆ ರೇಡಿಯಂ ಹೊಲಿದು, ಎರಡೂ ತುದಿಗೆ ಹಗ್ಗ ಕಟ್ಟಿ, ಕಬ್ಬಿನ ಮೇಲೇ ತೂಗುಹಾಕುವ ಹಾಗೆ ಮಾಡಿದ್ದೇವೆ. ಕೈಮುರಿದುಕೊಂಡಿದ್ದ ಆ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ. ಹೋದ ವಾರ ಅಂಗಡಿಯಲ್ಲಿ ಕೂತು ಇಪ್ಪತ್ತು ಪಟ್ಟಿ ಹೊಲಿದುಕೊಟ್ಟಳು. ಹನ್ನೆರಡು ಟ್ರ್ಯಾಕ್ಟರಿನವರು ಒಯ್ದಿದ್ದಾರೆ. ಉಳಿದ ಎಂಟು ಅಂಗಡಿಯ ಬಾಗಿಲಿಗೇ ತೂಗುಹಾಕಿದ್ದೇನೆ. ಕಬ್ಬು ಹೊಡೆಯುವವರು ಯಾರಾದರೂ ನಿಲ್ಲಿಸಿ ಒಯ್ಯಲಿ, ರೊಕ್ಕ ಬೇಡ.